ಗುಳಿಯ ಹುಳುವಿಗೆ ಹೆಸರಿಡುವುದು ಹೇಗೆ?

ಹಳೆಯ ಮನೆಯ ಸೂರಿನ ಕೆಳಗೆ, ಮಳೆಹನಿ ಬೀಳದ ಗೋಡೆಯಂಚಿನಲ್ಲಿ, ದೇವಸ್ಥಾನದ ಪೌಳಿಯ ಪುಡಿಮಣ್ಣಿನಲ್ಲಿ, ದೊಡ್ಡ ಮರದ ಬೇರಿನ ಮರೆಯಲ್ಲಿ ಆಲಿಕೆಯ ಆಕಾರದ ಪುಟ್ಟ ಪುಟ್ಟ ಗುಳಿಗಳನ್ನು ನೋಡದವರು ಕಡಿಮೆ. ದಾರಿ ತಪ್ಪಿದ ಇರುವೆಯೊಂದು ಗುಳಿಯ ಅಂಚಿಗೆ ಕಾಲಿಟ್ಟರೆ ಮಣ್ಣು ಜಾರುತ್ತದೆ. ಇರುವೆ ಮೇಲೇರಲು ಹೆಣಗಾಡುತ್ತಿದ್ದಂತೆ ತಳದಿಂದ ಮಣ್ಣಿನ ಕಣಗಳು ಚಿಮ್ಮಿ ಅದನ್ನು ಮತ್ತೆ ಕೆಳಕ್ಕೆ ಕೆಡವುತ್ತವೆ. ಕುಡುಗೋಲಿನಂಥ ಎರಡು ದವಡೆಗಳು ಅದನ್ನು ಹಿಡಿದು ಮಣ್ಣಿನೊಳಕ್ಕೆ ಎಳೆದುಕೊಳ್ಳುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಇರುವೆಯ ಒಣ ಸಿಪ್ಪೆ ಹೊರಗೆ ಬಂದು ಬೀಳುತ್ತದೆ.

ಈ ಬೇಟೆಗಾರನಿಗೆ ಪುಸ್ತಕಗಳಲ್ಲಿ 'ಇರುವೆ ಸಿಂಹ' ಎಂಬ ಹೆಸರಿದೆ. ಕೇರಳದವರು ಇದನ್ನು 'ಕುಳಿಯಾನ' ಎನ್ನುತ್ತಾರೆ, ಅಂದರೆ ಗುಳಿಯ ಆನೆ. ತಮಿಳರಿಗೆ ಇದು 'ಕುಳಿನರಿ', ಗುಳಿಯಲ್ಲಿರುವ ನರಿ. ಒಂದೇ ಹುಳು ಒಂದೆಡೆ ಸಿಂಹ, ಒಂದೆಡೆ ಆನೆ, ಇನ್ನೊಂದೆಡೆ ನರಿ! ಆದರೆ ಇವು ಯಾವುವೂ ಒಂದು ಪ್ರಭೇದದ ಹೆಸರಲ್ಲ. ಮರದ ಮೇಲೆ ಕುಳಿತದ್ದನ್ನು ತೋರಿಸಿ 'ಅದು ಹಕ್ಕಿ' ಎಂದಷ್ಟೇ ಹೇಳಿದಂತೆ. ಯಾವ ಹಕ್ಕಿ ಎಂಬ ಪ್ರಶ್ನೆ ಹಾಗೆಯೇ ಉಳಿಯಿತಲ್ಲ? ಜಗತ್ತಿನಲ್ಲಿ ಇರುವೆ ಸಿಂಹಗಳ ಕುಟುಂಬಕ್ಕೆ ಸೇರಿದ ಎರಡು ಸಾವಿರದಷ್ಟು ಪ್ರಭೇದಗಳಿವೆ. ಜಗಲಿಯಂಚಿನ ಈ ಹುಳು ಅವುಗಳಲ್ಲಿ ಯಾವುದು? ಸರಳವಾಗಿ ಕಾಣುವ ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ.

ಕಾರಣ ಇಷ್ಟೇ. ಈ ಕೀಟಕ್ಕೆ ಬಾಳಿನಲ್ಲಿ ಎರಡು ದೇಹ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಸಾಧ್ಯವೇ ಇಲ್ಲ.

ಒಂದು ಬಾಳು, ಎರಡು ದೇಹ

ಗುಳಿಯಲ್ಲಿ ಕೂತಿರುವುದು ಮರಿಹುಳು, ಅಂದರೆ ಲಾರ್ವ. ಉಬ್ಬಿದ ಹೊಟ್ಟೆ, ಮಣ್ಣಿನ ಬಣ್ಣ, ಮೈತುಂಬ ಬಿರುಗೂದಲು, ಚಪ್ಪಟೆ ತಲೆ, ತಲೆಯ ಮುಂದೆ ದೊಡ್ಡ ದವಡೆ. ಇದು ಅಗಿದು ತಿನ್ನುವ ಪ್ರಾಣಿಯಲ್ಲ. ದವಡೆಗಳೇ ಕೊಳವೆಗಳಾಗಿ ಬೇಟೆಯ ರಸವನ್ನು ಹೀರುತ್ತವೆ. ಇದರ ಜಠರಕ್ಕೂ ಹಿಂಗರುಳಿಗೂ ನಡುವೆ ದಾರಿ ಮುಚ್ಚಿಕೊಂಡಿರುತ್ತದೆ. ಆದ್ದರಿಂದ ಲಾರ್ವ ಜೀವನದ ಉದ್ದಕ್ಕೂ ಘನ ಕಶ್ಮಲ ಒಳಗೇ ಸಂಗ್ರಹವಾಗುತ್ತ ಹೋಗುತ್ತದೆ. ಪ್ರಭೇದಕ್ಕೂ ಆಹಾರಕ್ಕೂ ತಕ್ಕಂತೆ ಈ ಅವಸ್ಥೆ ಒಂದು ವರ್ಷವೋ ಎರಡು ಮೂರು ವರ್ಷವೋ ನಡೆಯುತ್ತದೆ.

ಬೆಳೆದ ಲಾರ್ವ ಮಣ್ಣಿನೊಳಗೆ ರೇಷ್ಮೆ ನೂತು, ಅದಕ್ಕೆ ಮರಳಿನ ಕಣಗಳನ್ನು ಅಂಟಿಸಿ, ಗೋಲಿಯಂಥ ಗೂಡು ಕಟ್ಟಿಕೊಂಡು ಒಳಗೆ ಕೋಶಾವಸ್ಥೆಗೆ ಹೋಗುತ್ತದೆ. ಸುಮಾರು ಒಂದು ತಿಂಗಳ ಮೇಲೆ ಆ ಗೋಲಿಯಿಂದ ಹೊರಬರುವುದು ಏನು? ನಾಲ್ಕು ಉದ್ದನೆಯ, ಗಾಜಿನಂಥ ರೆಕ್ಕೆಗಳ, ಕಡ್ಡಿಯಂತೆ ತೆಳ್ಳಗಿನ ಮೈಯ ಪ್ರೌಢ ಕೀಟ! ರಾತ್ರಿ ದೀಪದ ಸುತ್ತ ತೂರಾಡುತ್ತ ಹಾರುವ ಇದನ್ನು ಹೆಚ್ಚಿನವರು ಏರೋಪ್ಲೇನ್ ಚಿಟ್ಟೆ ಎಂದುಕೊಂಡು ಸುಮ್ಮನಾಗುತ್ತಾರೆ. ಹಗಲಿಡೀ ಜಗಲಿಯಂಚಿನ ಗುಳಿ ಕೆದಕಿದ ಹುಡುಗನೇ ರಾತ್ರಿ ದೀಪದ ಕೆಳಗೆ ಅದೇ ಪ್ರಾಣಿಯ ಇನ್ನೊಂದು ರೂಪವನ್ನು ಗುರುತಿಸಲಾರ.

ಈ ಎರಡು ಸ್ವಭಾವದ ಕಲ್ಪನೆ ಬಹಳ ಹಳೆಯದು. ಬೈಬಲ್ಲಿನ ಪ್ರಾಚೀನ ಗ್ರೀಕ್ ಅನುವಾದದಲ್ಲಿ, ಯೋಬನ ಗ್ರಂಥದಲ್ಲಿ, ಸಿಂಹಕ್ಕಿರುವ ಒಂದು ಹೀಬ್ರೂ ಪದವನ್ನು 'ಮಿರ್ಮೆಕೋಲಿಯಾನ್', ಅಂದರೆ ಇರುವೆ-ಸಿಂಹ, ಎಂದು ಅನುವಾದಿಸಲಾಯಿತು. ಇದಕ್ಕೆ ಅರ್ಥ ಹುಡುಕಲು ಹೊರಟ 'ಫಿಸಿಯೋಲಾಗಸ್' ಎಂಬ ಪ್ರಾಣಿಗ್ರಂಥ ಒಂದು ಕತೆಯನ್ನೇ ಕಟ್ಟಿತು. ತಂದೆ ಸಿಂಹ, ತಾಯಿ ಇರುವೆ. ಹುಟ್ಟಿದ ಮರಿ ತಾಯಿಯ ಗುಣದಿಂದ ಮಾಂಸ ತಿನ್ನಲಾರದು, ತಂದೆಯ ಗುಣದಿಂದ ಕಾಳು ತಿನ್ನಲಾರದು, ಹಸಿವಿನಿಂದ ಸಾಯುತ್ತದೆ ಎಂದು. ನಿಜವಾದ ಕೀಟ ಈ ಕತೆಗಿಂತ ಜಾಣ. ಎರಡು ಸ್ವಭಾವಗಳನ್ನು ಒಂದಾದ ಮೇಲೊಂದರಂತೆ ಬದುಕಿ ತೋರಿಸುತ್ತದೆ. ಫ್ರಾನ್ಸಿನ ರೆಯೋಮ್ಯೂರ್ 1742ರಲ್ಲಿ ಪ್ರಕಟಿಸಿದ ತನ್ನ ಕೀಟಚರಿತ್ರೆಯ ಆರನೆಯ ಸಂಪುಟದಲ್ಲಿ ಇದರ ಗುಳಿ, ಬೇಟೆ, ಗೂಡು, ರೂಪಾಂತರ ಎಲ್ಲವನ್ನೂ ತಾಳ್ಮೆಯಿಂದ ನೋಡಿ ಬರೆದ.

ರೆಕ್ಕೆಯಲ್ಲಿ ಬರೆದಿರುವುದು

ಮೊದಲು ಪ್ರೌಢ ಕೀಟವನ್ನು ನೋಡೋಣ. ಏರೋಪ್ಲೇನ್ ಚಿಟ್ಟೆಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿಯಲು ಉಪಕರಣವೇನೂ ಬೇಡ. ತಲೆಯ ಮೇಲಿನ ಕುಡಿಮೀಸೆ ನೋಡಿದರೆ ಸಾಕು. ಏರೋಪ್ಲೇನ್ ಚಿಟ್ಟೆಯ ಕುಡಿಮೀಸೆ ಕೂದಲಿನಂತೆ ಚಿಕ್ಕದು, ಕಣ್ಣಿಗೆ ಬೀಳುವುದೇ ಕಷ್ಟ. ಇರುವೆ ಸಿಂಹದ್ದು ಎದ್ದು ಕಾಣುತ್ತದೆ, ತುದಿಯಲ್ಲಿ ಗದೆಯಂತೆ ದಪ್ಪ. ಕುಳಿತಾಗ ಇರುವೆ ಸಿಂಹ ತನ್ನ ರೆಕ್ಕೆಗಳನ್ನು ಹೆಂಚಿನ ಮನೆಯ ಮಾಡಿನಂತೆ ಮೈಮೇಲೆ ಇಳಿಬಿಟ್ಟುಕೊಳ್ಳುತ್ತದೆ. ಹಾರಾಟವೂ ನಿಧಾನ, ಬಲವಿಲ್ಲದ್ದು.

ಇನ್ನೊಂದು ಹತ್ತಿರದ ಬಂಧುವಿದೆ. ಇಂಗ್ಲಿಷಿನಲ್ಲಿ ಅದಕ್ಕೆ 'ಗೂಬೆ ನೊಣ' ಎಂಬರ್ಥದ ಹೆಸರು. ಅದರ ಕುಡಿಮೀಸೆ ಬಹಳ ಉದ್ದ, ಚಿಟ್ಟೆಯದರಂತೆ ತುದಿಯಲ್ಲಿ ಗುಂಡು. ಬಹುಕಾಲ ಇವನ್ನು ಬೇರೆ ಕುಟುಂಬವೆಂದೇ ಎಣಿಸಿದ್ದರು. 2019ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನವೊಂದು ಗೂಬೆ ನೊಣಗಳು ಇರುವೆ ಸಿಂಹಗಳ ವಂಶವೃಕ್ಷದ ಒಳಗಿನದೇ ಒಂದು ಕೊಂಬೆ ಎಂದು ತೋರಿಸಿತು.

ಮುಂದಿನ ಗುರುತು ರೆಕ್ಕೆಯ ನರಗಳಲ್ಲಿದೆ. ರೆಕ್ಕೆಯ ಮುಂಅಂಚಿನಲ್ಲಿ, ತುದಿಗೆ ಹತ್ತಿರ, ಒಂದು ಮಚ್ಚೆ ಇರುತ್ತದೆ. ಅದರ ಹಿಂದೆ ಅಗಲಕ್ಕಿಂತ ಹಲವು ಪಟ್ಟು ಉದ್ದವಾದ ಒಂದು ಕೋಣೆ ಕಂಡರೆ ಅದು ಇರುವೆ ಸಿಂಹ. ಗೂಬೆ ನೊಣದಲ್ಲಿ ಈ ಕೋಣೆ ಗಿಡ್ಡ. ಒಳಗುಂಪುಗಳನ್ನು ಬೇರ್ಪಡಿಸಲು ಹಿಂರೆಕ್ಕೆಯ ಬುಡದ ಕಡೆಯ ಅಡ್ಡನರಗಳನ್ನು ಎಣಿಸಬೇಕು. ಮುಖ್ಯ ನರವೊಂದು ಕವಲೊಡೆಯುವ ಮೊದಲು ಮಿರ್ಮೆಲಿಯಾನ್ ಗುಂಪಿನಲ್ಲಿ ಹಲವು ಅಡ್ಡನರಗಳಿರುತ್ತವೆ. ಡಿಸ್ಟೊಲಿಯಾನ್ ಮತ್ತು ಅದರ ಬಂಧುಗಳಲ್ಲಿ ಸಾಮಾನ್ಯವಾಗಿ ಒಂದೇ. ಆಮೇಲೆ ಕಾಲಿನ ಜೋಡಿಮುಳ್ಳಿನ ಉದ್ದವನ್ನು ಪಾದದ ಖಂಡಗಳಿಗೆ ಹೋಲಿಸಿ ಅಳೆಯುತ್ತಾರೆ. ಹಲವು ಪ್ರಭೇದಗಳ ಗಂಡಿನ ಹಿಂರೆಕ್ಕೆಯ ಬುಡದಲ್ಲಿ ಗುಂಡಿಯಂಥ ಒಂದು ಗುಬಟು ಇರುತ್ತದೆ, ಹೆಣ್ಣಿನಲ್ಲಿ ಇರುವುದಿಲ್ಲ. ಇಷ್ಟಾದರೂ ತೀರ ಹತ್ತಿರದ ಎರಡು ಪ್ರಭೇದಗಳು ಎದುರಾದರೆ ಗಂಡಿನ ಹೊಟ್ಟೆಯ ತುದಿಯನ್ನು ಕ್ಷಾರದ ದ್ರಾವಣದಲ್ಲಿ ಮೆತ್ತಗಾಗಿಸಿ, ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಬೇರೆ ದಾರಿಯಿಲ್ಲ.

ರೆಕ್ಕೆಯ ನರಗಳಿಗೆ ಒಂದು ಕ್ರಮಬದ್ಧ ಹೆಸರಿನ ಪದ್ಧತಿಯನ್ನು ತಂದವರು ಅಮೆರಿಕದ ಕಾಮ್‌ಸ್ಟಾಕ್ ಮತ್ತು ನೀಡಮ್, 1898–99ರಲ್ಲಿ. ಇದೇ ನೀಡಮ್ 1909ರಲ್ಲಿ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದ್ದ ಈ ಗಣದ ಕೀಟಗಳನ್ನು ಪರಿಶೀಲಿಸಿ ಬರೆದರು. ಸ್ಪೇನಿನ ಜೆಸ್ವಿಟ್ ಪಾದ್ರಿ ಲೊಂಗಿನೊಸ್ ನವಾಸ್ (1858–1938) ಭಾರತದ್ದೂ ಸೇರಿ ಜಗತ್ತಿನ ನಾನಾ ಕಡೆಯ ಕೀಟಗಳಿಗೆ ಹೆಸರಿಟ್ಟರು. ಅವರ ವಿವರಣೆಗಳು ಚುಟುಕು. ಅವರಿಟ್ಟ ಎಷ್ಟೋ ಹೆಸರುಗಳು ಮೊದಲೇ ಹೆಸರಿದ್ದ ಕೀಟಗಳವು ಎಂದು ಮುಂದೆ ಗೊತ್ತಾಯಿತು. ಅದನ್ನು ಬಿಡಿಸುವ ಕೆಲಸ ಮುಂದಿನವರ ಪಾಲಿಗೆ ಬಂತು.

ಒಂದು ಹೋಲಿಕೆ ಇಲ್ಲಿ ಹೇಳಬೇಕು. 'ಫೌನಾ ಆಫ್ ಬ್ರಿಟಿಷ್ ಇಂಡಿಯಾ' ಗ್ರಂಥಮಾಲೆಯಲ್ಲಿ ಏರೋಪ್ಲೇನ್ ಚಿಟ್ಟೆಗಳಿಗೆ 1933ರಿಂದ 1936ರ ನಡುವೆ ಮೂರು ಸಂಪುಟಗಳು ಬಂದವು. ಬರೆದವರು ಕೊಡಗಿನಲ್ಲೂ ಬಹಳಷ್ಟು ಸಂಗ್ರಹ ಮಾಡಿದ ಸೇನಾ ವೈದ್ಯ ಎಫ್. ಸಿ. ಫ್ರೇಸರ್. ಅವಕ್ಕೆ ಹೋಲುವ ಇರುವೆ ಸಿಂಹಗಳಿಗೆ ಆ ಮಾಲೆಯಲ್ಲಿ ಒಂದು ಸಂಪುಟವೂ ಬರಲಿಲ್ಲ.

ದವಡೆ ಹೇಳುವ ಸಾಕ್ಷ್ಯ

ಇನ್ನು ಲಾರ್ವದ ಗುರುತುಗಳು. ಮೊದಲು, ಗುಳಿ ಕಂಡ ಮಾತ್ರಕ್ಕೆ ಅದು ಇರುವೆ ಸಿಂಹದ್ದೇ ಆಗಬೇಕೆಂದಿಲ್ಲ. ಮೆಡಿಟರೇನಿಯನ್ ತೀರದ ದೇಶಗಳಲ್ಲಿ, ಆಫ್ರಿಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಒಂದು ಜಾತಿಯ ನೊಣದ ಮರಿಹುಳು ಥೇಟ್ ಇಂಥದೇ ಗುಳಿ ತೋಡುತ್ತದೆ. ಅದಕ್ಕೆ ಕಾಲಿಲ್ಲ, ಕುಡುಗೋಲಿನ ದವಡೆಯೂ ಇಲ್ಲ. ವಿಲಿಯಂ ಮಾರ್ಟನ್ ವೀಲರ್ 1930ರಲ್ಲಿ 'ಡೀಮನ್ಸ್ ಆಫ್ ದಿ ಡಸ್ಟ್' ಎಂಬ ಪುಸ್ತಕವನ್ನು ಈ ಎರಡೂ ಬೇಟೆಗಾರರ ಕುರಿತೇ ಬರೆದರು.

ಎರಡನೆಯದಾಗಿ, ಇರುವೆ ಸಿಂಹಗಳೆಲ್ಲ ಗುಳಿ ತೋಡುವುದಿಲ್ಲ. ತೋಡುವವು ಅಲ್ಪಸಂಖ್ಯಾತರು. ಭಾರತದಲ್ಲೂ ಇರುವ, ಕಪ್ಪು ಮಚ್ಚೆಗಳ ದೊಡ್ಡ ರೆಕ್ಕೆಯ ಪಾಲ್ಪಾರೆಸ್‌ನ ಲಾರ್ವ ಗುಳಿಯಿಲ್ಲದೆ ಮರಳಿನೊಳಗೇ ಹೊಂಚು ಹಾಕುತ್ತದೆ. ಯೂರೋಪಿನ ಡೆಂಡ್ರೊಲಿಯಾನ್ ಮರದ ಪೊಟರೆಯ ಪುಡಿಯಲ್ಲಿ ಇರುತ್ತದೆ. ಗೂಬೆ ನೊಣದ ಲಾರ್ವಕ್ಕೆ ಮೈಯ ಎರಡೂ ಬದಿಗೆ ಗೂದಲು ತುಂಬಿದ ಕೈಗಳಂಥ ಚಾಚುಗಳಿದ್ದು, ಅದು ತರಗೆಲೆಯಲ್ಲೋ ಮರದ ತೊಗಟೆಯ ಮೇಲೋ ಅಡಗಿರುತ್ತದೆ. ನಡಿಗೆಯೂ ಒಂದು ಸುಳಿವು. ಮಿರ್ಮೆಲಿಯಾನ್ ಲಾರ್ವವನ್ನು ನೆಲದ ಮೇಲೆ ಬಿಟ್ಟರೆ ಹಿಂದಕ್ಕೇ ಸರಿಯುತ್ತದೆ, ಮುಂದಕ್ಕೆ ನಡೆಯುವುದೇ ಇಲ್ಲ. ಗುಳಿ ತೋಡದ ಹಲವು ಬಗೆಗಳು ಮುಂದಕ್ಕೂ ನಡೆಯಬಲ್ಲವು.

ಆಮೇಲೆ ಭೂತಗನ್ನಡಿಯ ಕೆಲಸ. ಮಿರ್ಮೆಲಿಯಾನಿನ ಪ್ರತಿ ದವಡೆಯಲ್ಲಿ ಮೂರು ಹಲ್ಲು. ಹಲ್ಲುಗಳ ನಡುವಿನ ಅಂತರ ಒಂದೇ ಸಮವೋ, ಬೇರೆ ಬೇರೆಯೋ ಎಂಬುದು ಮುಖ್ಯ. ತಲೆಯ ಮೇಲೂ ಅಡಿಯಲ್ಲೂ ಇರುವ ಕಪ್ಪು ಗುರುತುಗಳು ಎಲ್ಲಿವೆ, ಎಷ್ಟಿವೆ? ಹೊಟ್ಟೆಯ ತುದಿಯ ಅಡಿಭಾಗದಲ್ಲಿ ಮಣ್ಣು ಅಗೆಯಲು ಗುದ್ದಲಿಯ ಹಲ್ಲಿನಂಥ ಗಡುಸು ಮುಳ್ಳುಗಳಿವೆ. ಅವುಗಳ ಸಂಖ್ಯೆ, ಜೋಡಣೆ ಹೇಗೆ? ಇವೆಲ್ಲವೂ ಗುರುತುಪಟ್ಟಿಯಲ್ಲಿ ಬರುತ್ತವೆ. ಲಾರ್ವ ಎರಡು ಬಾರಿ ಪೊರೆ ಬಿಟ್ಟು ಮೂರು ಹಂತಗಳಲ್ಲಿ ಬೆಳೆಯುತ್ತದೆ. ಗುರುತುಪಟ್ಟಿಗಳು ಸಾಮಾನ್ಯವಾಗಿ ಮೂರನೆಯ ಹಂತದ ಲಾರ್ವಕ್ಕೆ ಮಾತ್ರ ಅನ್ವಯಿಸುತ್ತವೆ. ಹಂತ ತಿಳಿಯಲು ಹೊಟ್ಟೆಯ ಗಾತ್ರ ನಂಬಬಾರದು, ಅದು ಉಂಡಂತೆ ಉಬ್ಬುತ್ತದೆ. ತಲೆಯ ಅಗಲವನ್ನು ಅಳೆಯಬೇಕು. ಒಂದು ಹಂತದೊಳಗೆ ಅದು ಬದಲಾಗುವುದಿಲ್ಲ.

ಚುಕ್ಕೆಯ ರೆಕ್ಕೆ, ಚುಕ್ಕೆಯಿಲ್ಲದ ರೆಕ್ಕೆ

ಯೂರೋಪಿನ ಎರಡು ಪ್ರಸಿದ್ಧ ಪ್ರಭೇದಗಳು ಈ ತೊಡಕಿಗೆ ಒಳ್ಳೆಯ ಉದಾಹರಣೆ. ಒಂದು, ಲಿನೇಯಸ್ ಹೆಸರಿಟ್ಟ ಮಿರ್ಮೆಲಿಯಾನ್ ಫಾರ್ಮಿಕೇರಿಯಸ್. ಇನ್ನೊಂದು ಯೂರೋಲಿಯಾನ್ ನೊಸ್ಟ್ರಾಸ್. 'ನೊಸ್ಟ್ರಾಸ್' ಎಂದರೆ ಲ್ಯಾಟಿನ್ನಿನಲ್ಲಿ 'ನಮ್ಮ ನಾಡಿನದು'. ಈ ಹೆಸರು ಬಂದದ್ದು 1785ರಲ್ಲಿ. ಅದಕ್ಕೆ 'ಯೂರೋಪಿಯಸ್' ಎಂಬ ಇನ್ನೊಂದು ಹೆಸರೂ ಬಹುಕಾಲ ಬಳಕೆಯಲ್ಲಿತ್ತು. ಪ್ರೌಢ ಕೀಟಗಳನ್ನು ಪಕ್ಕಪಕ್ಕ ಇಟ್ಟರೆ ಶಾಲಾ ಮಕ್ಕಳೂ ಬೇರೆ ಮಾಡಬಲ್ಲರು: ಮೊದಲನೆಯದರ ರೆಕ್ಕೆ ಚುಕ್ಕೆಯಿಲ್ಲದ ಸ್ವಚ್ಛ ಗಾಜು, ಎರಡನೆಯದರಲ್ಲಿ ಕಂದು ಚುಕ್ಕೆಗಳು. ಆದರೆ ಎರಡರ ಲಾರ್ವಗಳೂ ಗುಳಿ ತೋಡುತ್ತವೆ, ಎರಡೂ ಮಣ್ಣಿನ ಬಣ್ಣದವು. ಭೂತಗನ್ನಡಿ ಹಿಡಿಯದೆ ಅವನ್ನು ಬೇರೆ ಮಾಡಲು ಆಗದು.

ಮೂರನೆಯದೊಂದು ಬಂದರೆ ಕಷ್ಟ ಇನ್ನೂ ಹೆಚ್ಚು. 1941ರಲ್ಲಿ ಸ್ವೀಡನ್ನಿನ ಬೋ ಶೆಡರ್ 'ಬೋರೆ' ಎಂಬ ಪ್ರಭೇದವನ್ನು ಗುರುತಿಸಿದರು. ಇದೂ ಮಿರ್ಮೆಲಿಯಾನ್, ರೆಕ್ಕೆಯಲ್ಲಿ ಚುಕ್ಕೆಯಿಲ್ಲ. ಯೂರೋಪಿನಿಂದ ಜಪಾನಿನವರೆಗೆ ಇದರ ಹರವು. ಬಿಸಿಲು ಬೀಳುವ ಬಯಲು ಮರಳು ಇದಕ್ಕೆ ಇಷ್ಟ. ಜಪಾನಿನಲ್ಲಿ ಇದರ ಜೊತೆಗೆ ಕಾಡಿನ ನೆರಳಿನಲ್ಲಿ ಗುಳಿ ತೋಡುವ ಇನ್ನೊಂದು ಬಗೆಯೂ ಇದೆ. ಗುಳಿ ನೋಡಿದರೆ ಎರಡೂ ಒಂದೇ. ಬಾಳುವ ಜಾಗ ಮಾತ್ರ ಬೇರೆ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಎಂದು ಕೇಳಬಹುದು. 2001ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದ ಸಂಗತಿ ಇದಕ್ಕೆ ಉತ್ತರ. ಬೋರೆ ಲಾರ್ವದ ಜೊಲ್ಲಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯ ತಯಾರಿಸುವ ಪ್ರೋಟೀನು ಜಿರಲೆಯನ್ನು ನಿಶ್ಚೇಷ್ಟಿತಗೊಳಿಸುತ್ತದೆ. ಮನುಷ್ಯನ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯದಲ್ಲೂ ಬಹುಪಾಲು ಅದೇ ಪ್ರೋಟೀನು ಉಂಟು, ಅದು ವಿಷವಲ್ಲ. ವ್ಯತ್ಯಾಸ ಕೆಲವೇ ಅಮೈನೋ ಆಮ್ಲಗಳದ್ದು. ಇಂಥ ಸಂಶೋಧನೆಯನ್ನು ಇನ್ನೊಬ್ಬರು ಮತ್ತೆ ಮಾಡಿ ನೋಡಬೇಕಾದರೆ ಮೊದಲು ಅದೇ ಪ್ರಭೇದದ ಲಾರ್ವ ಬೇಕು. ಹೆಸರು ತಪ್ಪಿದರೆ ಪ್ರಯೋಗವೂ ತಪ್ಪುತ್ತದೆ.

ಗೂಡಿನೊಳಗೆ ಉಳಿದ ಪೊರೆ

ಹಾಗಾದರೆ ಲಾರ್ವಕ್ಕೂ ಪ್ರೌಢ ಕೀಟಕ್ಕೂ ಗಂಟು ಹಾಕುವುದು ಹೇಗೆ? ಈಗ ಡಿಎನ್‌ಎ ಪರೀಕ್ಷೆಯಿದೆ. ಲಾರ್ವದ ಡಿಎನ್‌ಎ ಪ್ರೌಢ ಕೀಟದ್ದರೊಂದಿಗೆ ತಾಳೆಯಾದರೆ ಸಂಬಂಧ ತಿಳಿಯುತ್ತದೆ. ಆದರೆ ತಾಳೆ ನೋಡಲು ಸರಿಯಾಗಿ ಹೆಸರಿಸಿದ ಪ್ರೌಢ ಕೀಟದ ಮಾಹಿತಿ ಮೊದಲೇ ಇರಬೇಕು. ಇದಕ್ಕಿಂತ ಹಳೆಯ, ಖರ್ಚಿಲ್ಲದ, ಇಂದಿಗೂ ನಂಬಬಹುದಾದ ದಾರಿಯೆಂದರೆ ಸಾಕುವುದು. ರೆಯೋಮ್ಯೂರ್ ಮಾಡಿದ್ದೂ ಅದನ್ನೇ.

ಒಂದು ಗಾಜಿನ ಲೋಟದಲ್ಲಿ ಐದಾರು ಸೆಂಟಿಮೀಟರ್ ಎತ್ತರಕ್ಕೆ ಜರಡಿ ಹಿಡಿದ ಒಣ ಮರಳು. ಲೋಟಕ್ಕೆ ಒಂದೇ ಲಾರ್ವ. ಎರಡಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಎರಡು ದಿನಕ್ಕೊಮ್ಮೆ ಒಂದು ಇರುವೆ ಸಾಕು. ಮರೆತರೂ ಚಿಂತೆಯಿಲ್ಲ, ವಾರಗಟ್ಟಲೆ ಉಪವಾಸ ಇರಬಲ್ಲದು. ನೀರು ಮಾತ್ರ ಬೀಳಬಾರದು. ಬೆಳೆದ ಲಾರ್ವ ಒಂದು ದಿನ ಗುಳಿಯನ್ನು ದುರಸ್ತಿ ಮಾಡುವುದನ್ನು ಬಿಟ್ಟು, ಇರುವೆ ಬಿದ್ದರೂ ಸುಮ್ಮನಿದ್ದರೆ ಗೂಡು ಕಟ್ಟಿಕೊಂಡಿರಬಹುದು. ಆಗ ಕೆದಕಬಾರದು. ಮರಳಿನಲ್ಲಿ ಒಂದು ಒರಟು ಕಡ್ಡಿ ನೆಟ್ಟು, ಲೋಟದ ಮೇಲೆ ತೆಳು ಬಟ್ಟೆಯನ್ನು ಡೇರೆಯಂತೆ ಎತ್ತರಿಸಿ ಕಟ್ಟಬೇಕು. ಹೊರಬಂದ ಕೀಟ ಕಡ್ಡಿ ಹತ್ತಿ ರೆಕ್ಕೆ ಬಿಡಿಸಿಕೊಳ್ಳುತ್ತದೆ. ಹತ್ತಲು ಏನೂ ಸಿಗದಿದ್ದರೆ ರೆಕ್ಕೆ ಮುದುಡಿ, ಗುರುತು ಹಿಡಿಯುವ ಕೆಲಸಕ್ಕೇ ಬಾರದಂತಾಗುತ್ತದೆ. ಲಾರ್ವ ಜೀವನದ ಕಶ್ಮಲವನ್ನೆಲ್ಲ ಒಂದು ಉಂಡೆಯಾಗಿ ವಿಸರ್ಜಿಸುವುದೂ ಹೊರಬಂದ ಮೇಲೆಯೇ.

ಈಗ ಮುಖ್ಯ ವಿಷಯ. ಮರಳಿನ ಗೂಡನ್ನು ನಿಧಾನವಾಗಿ ಬಿಡಿಸಿದರೆ ಒಳಗೆ ಲಾರ್ವ ಕೊನೆಯ ಬಾರಿ ಕಳಚಿದ ಪೊರೆ ಮುದುಡಿ ಬಿದ್ದಿರುತ್ತದೆ. ಗಡುಸಾದ ತಲೆಯ ಚಿಪ್ಪು, ಹಲ್ಲು ಸಹಿತ ದವಡೆ, ತುದಿಯ ಅಗೆಯುವ ಮುಳ್ಳು ಎಲ್ಲವೂ ಅದರಲ್ಲಿ ಉಳಿದಿರುತ್ತವೆ. ಈ ಪೊರೆಯನ್ನೂ ಹೊರಬಂದ ಕೀಟವನ್ನೂ ಒಂದೇ ಸಂಖ್ಯೆ ಕೊಟ್ಟು ಇಟ್ಟರೆ ಎರಡು ದೇಹಗಳ ಸಂಬಂಧಕ್ಕೆ ಸಾಕ್ಷ್ಯ ಸಿಕ್ಕಿತು. ಚೀಟಿಯಲ್ಲಿ ಊರು, ತಾರೀಖು, ಮಣ್ಣೋ ಮರಳೋ, ನೆರಳೋ ಬಿಸಿಲೋ, ಗುಳಿಯ ಅಗಲ, ಗೂಡು ಕಟ್ಟಿದ ದಿನ, ಕೀಟ ಹೊರಬಂದ ದಿನ ಇಷ್ಟನ್ನು ಬರೆಯಬೇಕು. ಕೀಟವನ್ನು ಕೊಲ್ಲಲು ಮನಸ್ಸಿಲ್ಲದವರು ಕುಡಿಮೀಸೆ, ಕಾಲು, ಬಿಡಿಸಿದ ಹಿಂರೆಕ್ಕೆಗಳ ಫೋಟೋ ತೆಗೆದು ಹಾರಿಬಿಡಬಹುದು. ಹೆಸರು ಖಚಿತವಾಗದಿದ್ದರೂ ಗುಂಪು ತಿಳಿಯುತ್ತದೆ.

ಈ ಕೆಲಸ ಇನ್ನೂ ಬೇಕಾದಷ್ಟು ಉಳಿದಿದೆ. ಹೆಸರು ಪಡೆದ ಪ್ರಭೇದಗಳಲ್ಲಿ ಬಹುಪಾಲಿಗೆ ಆಧಾರ ಪ್ರೌಢ ಕೀಟ ಮಾತ್ರ; ಅವುಗಳ ಲಾರ್ವ ಹೇಗಿರುತ್ತದೆ, ಎಲ್ಲಿರುತ್ತದೆ ಎಂಬ ವಿವರ ಕಡಿಮೆ ಪ್ರಭೇದಗಳಿಗಷ್ಟೇ ದಾಖಲಾಗಿದೆ. ಪಕ್ಕದ ಕೇರಳದ ಇರಿಞಾಲಕುಡದಲ್ಲಿ, ಕ್ರೈಸ್ಟ್ ಕಾಲೇಜಿನ ಷಡ್ಪದ ಕೀಟ ಸಂಶೋಧನಾ ಪ್ರಯೋಗಾಲಯದವರು ಈಚಿನ ವರ್ಷಗಳಲ್ಲಿ ಈ ಕೀಟಗಳ ಬೆನ್ನು ಹತ್ತಿದ್ದಾರೆ. ಆದರೆ ಲಾರ್ವ ಇರುವ ನೆಲ ತಿಳಿಯದೆ ಕೀಟವನ್ನು ಉಳಿಸುವುದು ಸಾಧ್ಯವಿಲ್ಲ. ಪ್ರೌಢ ಕೀಟದ ಆಯುಸ್ಸು ಕೆಲವು ವಾರ. ಬದುಕಿನ ಉಳಿದ ಭಾಗವೆಲ್ಲ ಮಣ್ಣಿನಲ್ಲೇ. ಆ ಮಣ್ಣಿಗೆ ಈಗ ಸಿಮೆಂಟು ಬೀಳುತ್ತಿದೆ, ಹೊಳೆಯಂಚಿನ ಮರಳು ಲಾರಿ ಹತ್ತುತ್ತಿದೆ. ಹಾಗೆ ಹೋದ ಗುಳಿಯಲ್ಲಿ ಇದ್ದದ್ದು ಎಲ್ಲೆಡೆ ಇರುವ ಸಾಮಾನ್ಯ ಪ್ರಭೇದವೋ, ಆ ಒಂದೇ ದಂಡೆಯಲ್ಲಿದ್ದ ಅಪರೂಪದ್ದೋ ಎಂದು ಆಮೇಲೆ ಹೇಳಲು ಯಾರಿಂದಲೂ ಆಗದು.

ಬೇಸಗೆಯ ರಜೆಯಲ್ಲಿ ಒಂದು ಶಾಲೆಯ ಮಕ್ಕಳು ಹತ್ತು ಲೋಟಗಳಲ್ಲಿ ಹತ್ತು ಲಾರ್ವ ಸಾಕಿ, ಐದು ಕೀಟ ಹೊರಬಂದು, ಐದು ಪೊರೆ ಚೀಟಿಯೊಂದಿಗೆ ಉಳಿದರೆ ಅದು ತಮ್ಮ ಊರಿನ ಬಗ್ಗೆ ಆ ಮಕ್ಕಳೇ ಬರೆದ ದಾಖಲೆ. ಅದಕ್ಕೆ ಬೇಕಾದದ್ದು ಲೋಟ, ಮರಳು, ಒಂದಿಷ್ಟು ಇರುವೆ ಮತ್ತು ಕೆದಕದೆ ಕಾಯುವ ತಾಳ್ಮೆ.